ಗೆರೆಯ ಮೇಲೆ ನಿಂತವರು

ಒಂದು ಪ್ರಶ್ನೆಯಿಂದ ಮಾತು ಆರಂಭಿಸೋಣ. ರಾಯಚೂರಿನಲ್ಲಿ ಹುಟ್ಟಿ, ರಣಜಿ ಟ್ರೋಫಿಯನ್ನು ಎರಡು ಬಾರಿ ಗೆದ್ದ ತಂಡದಲ್ಲಿ ಆಡಿದ ಬ್ಯಾಟ್ಸ್‌ಮನ್ ಯಾರು? ರಾಯಚೂರು ನಗರದ ಒಂದು ಕಾಲೇಜಿನಲ್ಲೋ, ದೇವದುರ್ಗ ಅಥವಾ ಮಾನ್ವಿಯ ಒಂದು ಪ್ರೌಢಶಾಲೆಯಲ್ಲೋ ಈ ಪ್ರಶ್ನೆ ಕೇಳಿದರೆ ಎಷ್ಟು ಕೈಗಳು ಮೇಲೇಳಬಹುದು? ಸಚಿನ್ ತೆಂಡೂಲ್ಕರ್ ಅವರ ಅಂತರರಾಷ್ಟ್ರೀಯ ಶತಕಗಳೆಷ್ಟು ಎಂದು ಕೇಳಿದರೆ ಮಾತ್ರ ಇಡೀ ತರಗತಿ ಒಟ್ಟಿಗೆ ನೂರು ಎನ್ನುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಯಾರ ಹೆಸರು ನಮ್ಮ ಕಿವಿಗೆ ಬೀಳುತ್ತದೆ, ಯಾರದು ಬೀಳುವುದಿಲ್ಲ ಎಂಬುದಕ್ಕೆ ಬೇರೆಯೇ ಕಾರಣಗಳಿವೆ. ಇಂದು ಆ ಕಾರಣಗಳನ್ನು ಸ್ವಲ್ಪ ನೋಡೋಣ.

ನಾನು ಕೇಳಿದ ಆಟಗಾರ ಯರೇಗೌಡ. ಅವರ ವಿಷಯಕ್ಕೆ ಬರುವ ಮುನ್ನ ನಿಮ್ಮನ್ನು ಒಮ್ಮೆ ಅಮೆರಿಕಕ್ಕೆ ಕರೆದೊಯ್ಯುತ್ತೇನೆ.

ಅಮೆರಿಕನ್ ಫುಟ್‌ಬಾಲ್ ಎಂಬ ಆಟದ ಹೆಸರು ಕೇಳಿರುತ್ತೀರಿ. ಹೆಸರು ಫುಟ್‌ಬಾಲ್ ಆದರೂ ಅಲ್ಲಿ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಮೈದಾನದ ಆಟದ ಉದ್ದ ನೂರು ಗಜ. ಒಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಜನ ಚಪ್ಪಾಳೆ ತಟ್ಟುವುದು ಅವನಿಗೆ, ಇಲ್ಲವೇ ಆ ಚೆಂಡನ್ನು ಹಿಡಿದು ಓಡುವವನಿಗೆ.

ಆದರೆ ಎಸೆಯುವವನಿಗೆ ಮೊದಲು ಎರಡು ಮೂರು ಸೆಕೆಂಡು ನಿಲ್ಲಲು ಬಿಡಬೇಕಲ್ಲ! ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಅವರನ್ನು ತಡೆಯಲು ಗೆರೆಯ ಮೇಲೆ ಐದು ಮಂದಿ ಸಾಲಾಗಿ ನಿಂತಿರುತ್ತಾರೆ. ಇವರೇ ಆಕ್ರಮಣ ಸಾಲಿನ ಆಟಗಾರರು. ಇವರು ಸಾಮಾನ್ಯವಾಗಿ ಆರಡಿಗಿಂತ ಎತ್ತರ, ತೂಕ ಸುಮಾರು 140 ಕಿಲೋ. ನಿಯಮದ ಪ್ರಕಾರ ಮುಂದಕ್ಕೆ ಎಸೆದ ಚೆಂಡನ್ನು ಇವರು ಸಾಮಾನ್ಯವಾಗಿ ಹಿಡಿಯುವಂತಿಲ್ಲ. ಇವರ ಹೆಸರಿನ ಮುಂದೆ ಅಂಕ ಬರೆಯುವ ಪ್ರಸಂಗವೇ ಅಪರೂಪ.

ಇಲ್ಲಿ ಒಂದಿಷ್ಟು ವಿಜ್ಞಾನವಿದೆ. ತೂಕವೊಂದೇ ಗೆಲ್ಲಿಸುವುದಿಲ್ಲ. ಮೊಣಕಾಲು ಬಗ್ಗಿಸಿ, ಗುರುತ್ವ ಕೇಂದ್ರವನ್ನು ಕೆಳಗೆ ತಂದು, ಎದುರಾಳಿಯ ಎದೆಗೆ ಕೆಳಗಿನಿಂದ ಕೈ ಕೊಟ್ಟವನು ಮೇಲುಗೈ ಸಾಧಿಸುತ್ತಾನೆ. ನಮ್ಮ ಗರಡಿ ಮನೆಯ ಉಸ್ತಾದರು ಕಲಿಸುವುದೂ ಇದನ್ನೇ. ಎದ್ದು ನಿಂತ ಪೈಲ್ವಾನನನ್ನು ಕೆಡವುವುದು ಸುಲಭ, ತಗ್ಗಿ ನಿಂತವನನ್ನು ಅಲುಗಿಸುವುದು ಕಷ್ಟ.

ಇಂಥ ಒಬ್ಬ ಆಟಗಾರನ ವೃತ್ತಿ ಹೇಗಿರುತ್ತದೆ? ಜೋ ಥಾಮಸ್ ಅವರನ್ನು ನೋಡಿ. 2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಸೇರಿದರು. ಅಲ್ಲಿಂದ 2017ರ ಅಕ್ಟೋಬರ್ 22ರಂದು ತೋಳಿಗೆ ಪೆಟ್ಟಾಗುವವರೆಗೆ ತಂಡದ ಆಕ್ರಮಣದ ಒಂದೇ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಎಣಿಸಿದರೆ ಸತತ 10,363 ಸರದಿಗಳು. ಅವರ ಹಿಂದೆ ನಿಂತು ಚೆಂಡು ಎಸೆಯುವವರು ಒಬ್ಬರ ನಂತರ ಒಬ್ಬರು ಬದಲಾಗುತ್ತಲೇ ಹೋದರು. ಆ ಹನ್ನೊಂದು ವರ್ಷಗಳಲ್ಲಿ ಅವರ ತಂಡ ಒಮ್ಮೆಯೂ ಅಂತಿಮ ಸುತ್ತಿನ ಪಂದ್ಯಗಳಿಗೆ ಅರ್ಹತೆ ಪಡೆಯಲಿಲ್ಲ. ಕೊನೆಯ ಋತುವಿನಲ್ಲಂತೂ ಆಡಿದ ಹದಿನಾರು ಪಂದ್ಯಗಳನ್ನೂ ಸೋತಿತು. ಆದರೂ 2023ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡರು. ಸೋಲುವ ತಂಡದಲ್ಲಿದ್ದೂ ತನ್ನ ಕೆಲಸವನ್ನು ಕೆಡಿಸದೆ ಇರುವುದು ಎಷ್ಟು ದೊಡ್ಡದೆಂದು ಬಲ್ಲವರು ಗುರುತಿಸಿದರು.

ಈಗ ನಮ್ಮ ಎರೆಭೂಮಿಗೆ ಮರಳೋಣ.

ಯರೇಗೌಡ ಹುಟ್ಟಿದ್ದು 1971ರ ನವೆಂಬರ್ 27ರಂದು, ರಾಯಚೂರಿನಲ್ಲಿ. 1990ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್ ಆಡತೊಡಗಿದರು. ಆಗಿನ ಕರ್ನಾಟಕ ತಂಡವೆಂದರೆ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಇದ್ದ ತಂಡ. 1995-96, 1997-98 ಮತ್ತು 1998-99ರಲ್ಲಿ ರಣಜಿ ಗೆದ್ದ ತಂಡ. ಅಲ್ಲಿ ಒಂದು ಸ್ಥಾನ ಹಿಡಿಯುವುದು ಹಬ್ಬದ ದಿನದ ಬಸ್ಸಿನಲ್ಲಿ ಸೀಟು ಹಿಡಿದಂತೆ. ಯರೇಗೌಡರ ವೃತ್ತಿಯ ಮುಖ್ಯ ಭಾಗ ಕಳೆದದ್ದು ರೈಲ್ವೇಸ್ ತಂಡದಲ್ಲಿ.

ರೈಲ್ವೇಸ್ ತಂಡದ ಸ್ವರೂಪವೇ ಬೇರೆ. ಅದಕ್ಕೆ ತನ್ನದೆನ್ನುವ ರಾಜ್ಯವಿಲ್ಲ. ದೇಶದ ನಾನಾ ಮೂಲೆಗಳಿಂದ ಬಂದ ರೈಲ್ವೆ ನೌಕರರೇ ಅದರ ಆಟಗಾರರು. ಅವರ ಮೈದಾನ ದೆಹಲಿಯ ಕರ್ನೈಲ್ ಸಿಂಗ್ ಕ್ರೀಡಾಂಗಣ. ನಮ್ಮ ಹುಡುಗ ಎಂದು ಕೂಗುವ ಊರವರು ಅಲ್ಲಿ ಕಡಿಮೆ. ರಾಯಚೂರಿಗೂ ರೈಲಿಗೂ ಹಳೆಯ ನಂಟು ಎಂಬುದನ್ನು ಇಲ್ಲಿ ನೆನೆಯಬಹುದು. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದರಾಸು ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿಯೇ.

2000-01ರಲ್ಲಿ ರೈಲ್ವೇಸ್ ರಣಜಿ ಫೈನಲ್ ತಲುಪಿ ಬರೋಡಕ್ಕೆ ಸೋತಿತು. ಮರುವರ್ಷ ಅದೇ ಬರೋಡವನ್ನು ಫೈನಲ್‌ನಲ್ಲಿ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು. 2004-05ರಲ್ಲಿ ಪಂಜಾಬನ್ನು ಮಣಿಸಿ ಎರಡನೆಯ ಬಾರಿ ಗೆದ್ದಿತು. ಆ ತಂಡದ ಮಧ್ಯಮ ಕ್ರಮಾಂಕದ ನಂಬಿಕಸ್ಥ ಬ್ಯಾಟ್ಸ್‌ಮನ್ ಯರೇಗೌಡ. ವೃತ್ತಿಯಲ್ಲಿ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳು, ಏಳು ಸಾವಿರಕ್ಕೂ ಹೆಚ್ಚು ರನ್ನುಗಳು.

ಮಧ್ಯಮ ಕ್ರಮಾಂಕದ ಕೆಲಸ ಎಂಥದ್ದು? ಹೊಸ ಚೆಂಡಿನ ಹೊಲಿಗೆ ಎದ್ದಿರುತ್ತದೆ, ಮೈ ಹೊಳೆಯುತ್ತದೆ. ಹೊಲಿಗೆ ವಾಲಿದಾಗ ಎರಡು ಬದಿಯ ಗಾಳಿಯ ಹರಿವು ಬೇರೆ ಬೇರೆಯಾಗಿ ಚೆಂಡು ತಿರುಗುತ್ತದೆ. ಅಂಥ ಬೆಳಗಿನಲ್ಲಿ ಮೂರು ವಿಕೆಟ್ ಬೇಗ ಉರುಳಿದರೆ ಒಳಗೆ ಬರುವವನು ಚೆಂಡು ಹಳೆಯದಾಗುವವರೆಗೆ ನಿಲ್ಲಬೇಕು. ಅವನು ತಡೆದ ನೂರು ಚೆಂಡುಗಳ ಫಲವನ್ನು ಆಮೇಲೆ ಬಂದವನು ಬೌಂಡರಿಗಳ ರೂಪದಲ್ಲಿ ಉಣ್ಣುತ್ತಾನೆ. ಸ್ಕೋರು ಪಟ್ಟಿಯಲ್ಲಿ ಬೌಂಡರಿಗೆ ಕಾಲಂ ಉಂಟು. ಬೇರೆಯವರಿಗಾಗಿ ಹಳೆಯದು ಮಾಡಿಕೊಟ್ಟ ಚೆಂಡಿಗೆ ಕಾಲಂ ಇಲ್ಲ. ಗೆರೆಯ ಮೇಲಿನ ಆ ಐವರಿಗೂ ಈ ಕೆಲಸಕ್ಕೂ ಇರುವ ಸಾಮ್ಯ ಇದೇ.

ಯರೇಗೌಡ ಭಾರತದ ಪರ ಆಡಲಿಲ್ಲ. ಅವರು ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಭಾರತದ ಟೆಸ್ಟ್ ಮಧ್ಯಮ ಕ್ರಮಾಂಕದಲ್ಲಿದ್ದವರು ದ್ರಾವಿಡ್, ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್. ಬಾಗಿಲು ಎಷ್ಟು ಕಿರಿದಾಗಿತ್ತೆಂದು ನೀವೇ ಊಹಿಸಿ. ಮುಂದೆ ಅವರು ಕರ್ನಾಟಕಕ್ಕೆ ಮರಳಿ ತಂಡದ ನಾಯಕರಾದರು. 2018ರಲ್ಲಿ ತರಬೇತುದಾರರಾದರು. 2019ರಲ್ಲಿ ಕರ್ನಾಟಕ ವಿಜಯ್ ಹಜಾರೆ ಟ್ರೋಫಿಯನ್ನೂ ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿಯನ್ನೂ ಗೆದ್ದಾಗ ಅವರು ಇದ್ದದ್ದು ಮತ್ತೆ ತೆರೆಯ ಹಿಂದೆ.

ತೆರೆಯ ಹಿಂದೆ ಎಂದಾಗ ನನ್ನ ಕಸುಬಿನ ಮಾತು ಬರುತ್ತದೆ. ನಿಮ್ಮ ಮನೆಯ ಪರದೆಯ ಮೇಲೆ ಮಾತನಾಡುವ ಮುಖ ಒಂದೇ. ಅದರ ಹಿಂದೆ ಕ್ಯಾಮೆರಾ ಹಿಡಿದವರು, ಬೆಳಕು ಕಟ್ಟಿದವರು, ಧ್ವನಿ ನೋಡಿಕೊಂಡವರು, ಸಂಕಲನ ಮಾಡಿದವರು ಇರುತ್ತಾರೆ. ಅವರ ಹೆಸರುಗಳು ಕೊನೆಯಲ್ಲಿ ಸರಸರನೆ ಓಡುತ್ತವೆ, ಆ ಹೊತ್ತಿಗೆ ನೀವು ವಾಹಿನಿ ಬದಲಿಸಿರುತ್ತೀರಿ. ಕೆಲಸ ಸರಿಯಾಗಿ ಆದಾಗ ಇವರು ಯಾರಿಗೂ ಕಾಣುವುದಿಲ್ಲ. ಧ್ವನಿ ಕೆಟ್ಟಾಗ ಮಾತ್ರ ಎಲ್ಲರಿಗೂ ನೆನಪಾಗುತ್ತಾರೆ.

ಹಾಗೆಂದು ಕಾಣದೆ ದುಡಿಯುವುದೆಲ್ಲ ಪುಣ್ಯವೆಂದು ನಾನು ಹೇಳಲಾರೆ. ಆ ದುಡಿಮೆಗೆ ತೆರುವ ಬೆಲೆಯನ್ನೂ ಲೆಕ್ಕ ಹಾಕಬೇಕು. ಅಮೆರಿಕದ ಆ ಆಟದಲ್ಲಿ ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುತ್ತದೆ. 2017ರ ಜುಲೈನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆ ದೇಶದ ರಾಷ್ಟ್ರೀಯ ಲೀಗ್‌ನಲ್ಲಿ ಆಡಿ ತೀರಿಕೊಂಡ 111 ಮಂದಿಯ ದಾನವಾಗಿ ಬಂದ ಮಿದುಳುಗಳನ್ನು ಪರೀಕ್ಷಿಸಿದಾಗ 110ರಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಕಂಡುಬಂದಿತ್ತು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರ ವಹಿಸಬೇಕು. ಲಕ್ಷಣಗಳನ್ನು ಕಂಡು ಅನುಮಾನಗೊಂಡ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡಿರುವ ಸಂಭವ ಉಂಟು. ಆದ್ದರಿಂದ ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಈ ಕಾಯಿಲೆ ಎಂದು ಅರ್ಥ ಮಾಡಬಾರದು. ಅಪಾಯ ನಿಜವೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಆ ಅಧ್ಯಯನ ಹೊರಬಂದ ಎರಡು ದಿನಕ್ಕೆ ಬಾಲ್ಟಿಮೋರ್ ರೇವನ್ಸ್ ತಂಡದ ಸಾಲಿನ ಆಟಗಾರ ಜಾನ್ ಅರ್ಶೆಲ್ ನಿವೃತ್ತಿ ಘೋಷಿಸಿದರು. ಆಗ ಅವರ ವಯಸ್ಸು 26. ಆಡುತ್ತಿರುವಾಗಲೇ ಅವರು ಎಂ.ಐ.ಟಿ.ಯಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿ. 2021ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅಲ್ಲಿಯೇ ಗಣಿತದ ಅಧ್ಯಾಪಕರಾದರು. ಓದನ್ನು ಬಿಡದೆ ಇದ್ದುದರಿಂದ, ಆಟ ಬಿಡಬೇಕೆನಿಸಿದ ದಿನ ಅವರ ಮುಂದೆ ಇನ್ನೊಂದು ದಾರಿ ತೆರೆದಿತ್ತು.

ದೇವದುರ್ಗದ, ಮಾನ್ವಿಯ ಹಳ್ಳಿಗಳಿಂದ ಬಸ್ಸು ಹತ್ತಿ ಓದಲು ಬರುವ ಗೆಳೆಯರೆ, ನಿಮ್ಮಲ್ಲಿ ಕೆಲವರಿಗೆ ಆಟವೇ ಪ್ರಾಣ. ಮನೆಯವರು ಓದು ಓದು ಎನ್ನುತ್ತಾರೆ, ಮೈದಾನ ಬಾ ಬಾ ಎನ್ನುತ್ತದೆ. ಎರಡೂ ಸರಿಯೇ. ರೈಲ್ವೆಯಂಥ ಸಂಸ್ಥೆಗಳು ಕ್ರೀಡಾಪಟುಗಳಿಗೆ ನೌಕರಿ ಕೊಡುತ್ತವೆ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ರಾಯಚೂರು ವಲಯವೆಂಬುದಿದೆ. ದಾರಿ ಇದೆ, ಆದರೆ ಅದು ಉದ್ದ. ಹತ್ತು ಹದಿನೈದು ವರ್ಷ ದಿನವೂ ಅದೇ ಅಭ್ಯಾಸ ಮಾಡಿ, ಕೊನೆಗೆ ಪತ್ರಿಕೆಯ ಮೊದಲ ಪುಟದಲ್ಲಿ ಚಿತ್ರ ಬಾರದೆ ಹೋಗಬಹುದು. ಅದಕ್ಕೂ ಸಿದ್ಧರಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದು ಎಂಬ ಉತ್ತರ ಬಂದರೆ ಮೈದಾನಕ್ಕೆ ಹೋಗಿ, ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳಿ.

ಕೊನೆಯದಾಗಿ ಒಂದು ಸಣ್ಣ ಕೆಲಸ ಕೊಡುತ್ತೇನೆ. ಮುಂದಿನ ಬಾರಿ ಕಬಡ್ಡಿ ಪಂದ್ಯ ನೋಡುವಾಗ ಹತ್ತು ನಿಮಿಷ ದಾಳಿಗಾರನನ್ನು ನೋಡಬೇಡಿ. ರಕ್ಷಣೆಯ ಸರಪಳಿಯಲ್ಲಿ ಕೈ ಹಿಡಿದು ನಿಂತವರಲ್ಲಿ ಒಬ್ಬನನ್ನು ಆರಿಸಿಕೊಂಡು ಅವನೊಬ್ಬನನ್ನೇ ನೋಡಿ. ಅವನು ಎಷ್ಟು ಬಾರಿ ಹೆಜ್ಜೆ ಬದಲಿಸಿದ, ಎಷ್ಟು ಬಾರಿ ದಾರಿ ಮುಚ್ಚಿದ, ಅದರಿಂದ ಯಾರಿಗೆ ಅಂಕ ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪಂದ್ಯ ಮುಗಿದ ಮೇಲೆ ಅವನ ಹೆಸರು ಕೇಳಿ ತಿಳಿದು, ಆ ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ.