ದುಃಖಕ್ಕೆ ಸರಿಯಾದ ಹೆಸರಿಡೋಣ

(ಹುಬ್ಬಳ್ಳಿಯಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹುಬ್ಬಳ್ಳಿ-ಧಾರವಾಡದ ನಮ್ಮ ಮನೆಗಳಲ್ಲಿ ಎರಡು ಭಾಷೆಗಳು ಬಾಳುತ್ತಿವೆ. ಬೀದಿಗೆ ಕನ್ನಡ, ಮನೆಯೊಳಗೆ ದಖ್ಖನಿ ಉರ್ದು. ಎರಡರಲ್ಲೂ ದುಃಖಕ್ಕೆ ಪದಗಳ ಬರವಿಲ್ಲ. ಶೋಕ, ಅಳಲು, ಕೊರಗು, ಬೇಸರ ಎನ್ನುತ್ತದೆ ಕನ್ನಡ. ಗಮ್, ರಂಜ್, ಉದಾಸಿ, ಮಾಯೂಸಿ ಎನ್ನುತ್ತದೆ ಉರ್ದು. ಆದರೆ ಇವೆಲ್ಲ ಒಂದೇ ಅಲ್ಲ. ಶೋಕವು ಸಾವಿನ ಮನೆಯದು. ಕೊರಗು ಹೊರಗೆ ಬಾರದೆ ಒಳಗೇ ಸವೆಸುವಂಥದ್ದು. ಬೇಸರ ಸಂಜೆ ಬಂದು ಬೆಳಗ್ಗೆ ಹೋಗಬಹುದು. ಮಾಯೂಸಿಯೆಂದರೆ ನಿರೀಕ್ಷೆಯೇ ಕಡಿದುಹೋಗುವುದು.

ಅರಬಿ ವಿದ್ವಾಂಸರು ಕಳೆದುಹೋದುದರ ದುಃಖವನ್ನು ಹುಝ್ನ್ ಎಂದೂ ಬರಲಿರುವುದರ ಕಳವಳವನ್ನು ಹಮ್ಮ್ ಎಂದೂ ಬೇರ್ಪಡಿಸಿದರು. ಪ್ರವಾದಿವರ್ಯರು(ಸ) ಎರಡರಿಂದಲೂ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಇನ್ನೂ ಮುಂದೆ ಹೋದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ. ಎರಡನೆಯದರ ಮೂಲ ದೇಹದಲ್ಲಿರುವುದರಿಂದ ಅದಕ್ಕೆ ವೈದ್ಯಕೀಯ ಚಿಕಿತ್ಸೆಯೂ ಬೇಕು ಎಂದು ಬರೆದರು.

ಇಂಥ ಪರಂಪರೆಯುಳ್ಳ ನಾವು ಇಂದು ಮಾಡುತ್ತಿರುವುದೇನು? ಸೊಸೆ "ಎದಿ ಭಾರ ಆಗೇತಿ" ಎಂದರೆ ಗ್ಯಾಸಿನ ಮಾತ್ರೆ. ತಾಯಿ "ದಿಲ್ ಘಬ್ರಾ ರಾ" ಎಂದರೆ ತಾವೀಜು. ಮಗ "ಏನೂ ಬ್ಯಾಡ ಅನ್ಸತೈತಿ" ಎಂದರೆ ಈಮಾನ್ ದುರ್ಬಲವೆಂಬ ತೀರ್ಪು! ಪುತ್ರವಿಯೋಗದಿಂದ ದೃಷ್ಟಿಯನ್ನೇ ಕಳೆದುಕೊಂಡ ಪ್ರವಾದಿ ಯಾಕೂಬರ(ಅ) ಈಮಾನ್ ದುರ್ಬಲವಾಗಿತ್ತೇ? ಖದೀಜಾ(ರ) ಮತ್ತು ಅಬೂ ತಾಲಿಬ್ ಅಗಲಿದ ವರ್ಷವನ್ನು ನಮ್ಮ ಚರಿತ್ರೆಯೇ 'ದುಃಖದ ವರ್ಷ' ಎಂದು ಕರೆದಿಲ್ಲವೇ?

ವೈದ್ಯರು 'ಖಿನ್ನತೆ' ಎನ್ನುವುದು ಸಾಮಾನ್ಯ ಬೇಸರವನ್ನಲ್ಲ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ-ಹಸಿವು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವ, ಬದುಕೇ ಬೇಡವೆಂಬ ಆಲೋಚನೆ ಇದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯಿದೆ. ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಆದರೂ "ಹುಚ್ಚರ ಆಸ್ಪತ್ರೆ" ಎಂಬ ಒಂದು ಮಾತಿಗೆ ಹೆದರಿ ಎಷ್ಟೋ ಮನೆಗಳು ಬಾಗಿಲು ಮುಚ್ಚಿಕೊಳ್ಳುತ್ತವೆ. ಮಗಳ ಮದುವೆ ನಿಂತೀತೆಂಬ ಭಯ ಮಗಳ ಪ್ರಾಣಕ್ಕಿಂತ ದೊಡ್ಡದೇ?

ದುಆ ಬೇಡವೆಂದು ನಾನು ಹೇಳುತ್ತಿಲ್ಲ. ದುಆ ಮಾಡಿರಿ, ಚಿಕಿತ್ಸೆಯನ್ನೂ ಕೊಡಿಸಿರಿ. ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿವರ್ಯರ(ಸ) ಬೋಧನೆಯೇ ಆಗಿದೆ. ಇಂದು ಮನೆಗೆ ಮರಳಿದ ಮೇಲೆ, ಮಂಕಾಗಿ ಕುಳಿತವರ ಬಳಿ ಕುಳಿತು ಅವರ ಭಾಷೆಯಲ್ಲೇ ವಿಚಾರಿಸಿರಿ. ಅವರು ಯಾವ ಪದ ಬಳಸುತ್ತಾರೋ ಅದನ್ನು ತಿದ್ದದೆ, ನಡುವೆ ತಡೆಯದೆ, ಕೊನೆಯವರೆಗೂ ಕೇಳಿರಿ.