ನಮ್ಮ ಮಿಲಿಟ್ರಿ ಕಾಕಾ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರ ಕಾರ್ಯದರ್ಶಿಗಳು ಓದಿದ್ದಾರೆ. ಹಳೆಯ ಸದಸ್ಯರನ್ನು ನೆನೆಯುವ ಕೆಲಸ ನಮ್ಮ ಪಾಲಿಗೆ ಬಂದದ. ನಾವು ನಮ್ಮ ಕಾಕಾ ಅವರ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಊರಾಗ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ, ಎಲ್ಲರಿಗೂ ಮಿಲಿಟ್ರಿ ಕಾಕಾ.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಅವರು ಸ್ಯಾಪರ್ ಆಗಿದ್ದರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ಹೂಳುವುದು, ತೆಗೆಯುವುದು ಸ್ಯಾಪರ್‌ಗಳ ಕೆಲಸ. 1971ರ ಯುದ್ಧದಾಗ ಪಶ್ಚಿಮ ಗಡಿಯಲ್ಲಿದ್ದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು, ಮರುದಿನ ಪಶ್ಚಿಮದಾಗೂ ಗುಂಡು ನಿಂತವು. ಆದರೆ ಹೂಳಿದ ಬಾಂಬು ತೆಗೆಯುವ ಕೆಲಸ ಇವರಿಗೆ ಉಳಿದಿತ್ತು. ಎಲ್ಲಿ ಎಷ್ಟು ಸಾಲು ಹೂಳಿದ್ದೇವೆ ಎಂದು ನಕ್ಷೆಯಲ್ಲಿ ಬರೆದಿಡುತ್ತಿದ್ದರಂತೆ. "ಬರದಿಟ್ಟಿಲ್ಲಂದ್ರ ನಾಳೆ ನಮ್ಮವರ ಕಾಲೇ ಹೋಗ್ತಾವ" ಅನ್ನುತ್ತಿದ್ದರು. ಯುದ್ಧದ ಬಗ್ಗೆ ಅವರು ಹೇಳಿದ್ದು ಇಷ್ಟೇ. ಸಣ್ಣವರಿದ್ದಾಗ ನಾವು "ಎಷ್ಟು ಮಂದೀನ ಹೊಡದ್ರಿ ಕಾಕಾ" ಅಂತ ಕೇಳಿದ್ದಕ್ಕೆ, ದನಕ್ಕ ನೀರು ಕುಡಿಸಿ ಬಾ ಎಂದು ಅಟ್ಟಿದ್ದರು.

ಪಿಂಚಣಿ ಮೇಲೆ ಊರಿಗೆ ಬಂದು, ತಮ್ಮ ಪಾಲಿನ ಕೆಂಪು ಮಣ್ಣಿನ ಹೊಲದಾಗ ಕಮಲಾಪುರದ ಕೆಂಪು ಬಾಳೆ ಹಚ್ಚಿದರು. ನಮ್ಮ ಅಪ್ಪನೂ ಬಾಜೂ ಹೊಲದಾಗ ಅದನ್ನೇ ಹಚ್ಚಿದರು. ಈ ಬಾಳೆಗೆ ಈಗ ಭೌಗೋಳಿಕ ಸೂಚಿ ಮಾನ್ಯತೆ ಅದ, ಶ್ರೀಮಂತರ ಹಣ್ಣು ಅಂತ ಹೆಸರೂ ಅದ. ಬೆಳೆಯುವವನ ಪಾಡು ಬೇರೆ. ಗೊಬ್ಬರ ಹೆಚ್ಚು, ನೀರು ಹೆಚ್ಚು, ಗೊನೆ ಕಡಿಯಲಿಕ್ಕೆ ಹದಿನೆಂಟು ತಿಂಗಳ ತನಕ ಕಾಯಬೇಕು. ಗೊನೆ ಹೇರಿಕೊಂಡು ಕಲಬುರಗಿ ಪ್ಯಾಟಿಗೆ ಹೋಗುವಾಗ ಕುರಿಕೋಟಾ ಸೇತುವೆ ಬಂದರೆ ಕಾಕಾ ಮಾತು ನಿಲ್ಲಿಸಿ ಹೊರಗೆ ನೋಡುತ್ತಿದ್ದರು. ಸ್ಯಾಪರ್ ಬುದ್ಧಿ ಹೋಗಿರಲಿಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇವೆ. ಸಂಘ ಹೊಸದಿದ್ದಾಗ, 2002–03ರ ಬರದಾಗ, ಬಹಳ ಮಂದಿಯ ಸಾಲ ಸುಸ್ತಿ ಬಿತ್ತು. ಕಾಕಾ ಆಗ ನಿರ್ದೇಶಕರು. ಮಹಾಸಭೆಯಲ್ಲಿ ಸುಸ್ತಿದಾರರ ಪಟ್ಟಿ ಓದುವಾಗ ಒಂದು ಹೆಸರು ದಾಟಿಸಿದರು. ಕಾಕಾ ಎದ್ದು ನಿಂತು "ಒಂದು ಹೆಸರು ಬಿಟ್ಟದ ನೋಡ್ರಿ" ಎಂದರು. ಅದು ನಮ್ಮ ಅಪ್ಪನ ಹೆಸರು. ಸ್ವಂತ ಅಣ್ಣ! ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

ಕಾಕಾ ಕೂಡಲಿಲ್ಲ. "ಬಾಳಿ ಬರಲಿಕ್ಕ ಹದಿನೆಂಟು ತಿಂಗಳು ಬೇಕು, ನೀವು ಗಡುವು ಕೊಟ್ಟದ್ದು ಹನ್ನೆರಡು. ಗೊನಿ ಕಡಿಯೋಕಿಂತ ಮೊದಲೇ ರೈತ ಸುಸ್ತಿದಾರ ಆದ. ಹೆಸರು ಮುಚ್ಚಿಟ್ಟರೆ ಈ ತಪ್ಪು ಯಾರಿಗೂ ಕಾಣಂಗಿಲ್ಲ" ಎಂದರು. ಬಾಳೆಗೆ ಗಡುವು ಮುಂದಕ್ಕೆ ಹೋದದ್ದು ಆ ಸಭೆಯ ನಂತರವೇ. ಅದರ ಉಪಯೋಗ ಪಡೆದವರು ಇಲ್ಲಿ ಭಾಳ ಮಂದಿ ಕುಂತೀರಿ.

ಅಪ್ಪ ಮುಂದಿನ ಗೊನೆ ಮಾರಿ ಸಾಲ ಮುಟ್ಟಿಸಿದರು. ಆದರೆ ತಮ್ಮನ ಕೂಡ ಎಂಟು ತಿಂಗಳು ಮಾತಿಲ್ಲ. ಆಮೇಲೆ ಮಾತಾಡಿದರು ಖರೆ, ಇಬ್ಬರ ಗೊನೆ ಒಂದೇ ಗಾಡಿಯಲ್ಲಿ ಪ್ಯಾಟಿಗೆ ಹೋಗಲೇ ಇಲ್ಲ. ಕಾಕಾ ಮಾಡಿದ್ದು ಸರಿ. ಆದರೆ ಹಿಂದಿನ ರಾತ್ರಿ ಮನೆಗೆ ಬಂದು ಅಣ್ಣನಿಗೆ ಒಂದು ಮಾತು ಹೇಳಬೇಕಿತ್ತು ಅಂತ ನಮಗೆ ಇವತ್ತೂ ಅನಸ್ತದ. ಇಬ್ಬರೂ ಈಗ ಇಲ್ಲ.

ಈ ಸಲದ ಸುಸ್ತಿ ಪಟ್ಟಿಯಲ್ಲಿ ನಮ್ಮ ಅಣ್ಣನವರ ಹೆಸರು ಅದ. ಬರುವ ಮಹಾಸಭೆಯಲ್ಲಿ ಆ ಪಟ್ಟಿ ಓದುವವರು ನಾವು. ನಿನ್ನೆ ರಾತ್ರಿ ಅವರ ಮನೆಗೆ ಹೋಗಿ, ಜೋಡಿ ಕುಂತು ಊಟ ಮಾಡಿ, ಹೇಳಿ ಬಂದೇವಿ.