ಯಾವ ವಯಸ್ಸಿನ ಅಲಿ?



ಬಾಕ್ಸಿಂಗ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಒಂದು ವಾದ ತಪ್ಪಿದ್ದಲ್ಲ. ಜೋ ಲೂಯಿ ದೊಡ್ಡವರೋ, ಮಹಮದ್ ಅಲಿ ದೊಡ್ಡವರೋ? ಅಲಿ ಎದುರು ಮೈಕ್ ಟೈಸನ್ ಎಷ್ಟು ಸುತ್ತು ನಿಲ್ಲುತ್ತಿದ್ದರು? ಮಾತು ಬಿಸಿಯೇರಿದಾಗ ಯಾರೋ ಒಬ್ಬರು ಷರತ್ತು ಹಾಕುತ್ತಾರೆ, ಇಬ್ಬರೂ ತಮ್ಮ ತಮ್ಮ ಏರುಗಾಲದಲ್ಲಿ ಇದ್ದಾರೆ ಅಂತ ಇಟ್ಟುಕೊಳ್ಳಿ ಎಂದು. ಷರತ್ತು ನ್ಯಾಯವಾದದ್ದೇ. ಆದರೆ ಆ ಏರುಗಾಲ ಯಾವುದು ಅಂತ ಹುಡುಕಲು ಹೊರಟಾಗ ತೊಡಕು ಶುರುವಾಗುತ್ತದೆ.

ಅಲಿಯವರನ್ನೇ ತೆಗೆದುಕೊಳ್ಳೋಣ. 1964ರಲ್ಲಿ, 22ನೇ ವಯಸ್ಸಿಗೆ, ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದರು. ತೊಂಬತ್ತು ಕಿಲೋ ದಾಟಿದ ಆಳು ಸಣ್ಣ ತೂಕದ ಹುಡುಗನ ಹಾಗೆ ಕಾಲಾಡಿಸುತ್ತ ರಿಂಗಿನ ತುಂಬ ಸುಳಿದಾಡುವುದನ್ನು ಜನ ಅದುವರೆಗೆ ಕಂಡಿರಲಿಲ್ಲ. ಕೈಗಳನ್ನು ಸೊಂಟದ ಹತ್ತಿರ ಇಳಿಬಿಟ್ಟು ನಿಲ್ಲುವುದು, ಏಟು ಬಂದಾಗ ಗ್ಲೌಸಿನಿಂದ ತಡೆಯುವ ಬದಲು ತಲೆಯನ್ನು ಹಿಂದಕ್ಕೆಳೆದು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದು ಅವರ ರೀತಿ. ಯಾವ ತರಬೇತುದಾರರೂ ಇದನ್ನು ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಶಿಷ್ಯ ಮೂಗು ಒಡೆಸಿಕೊಂಡು ಬರುತ್ತಾನೆ! ಕಣ್ಣು ಮತ್ತು ಕಾಲು ಅಷ್ಟು ಚುರುಕಾಗಿದ್ದ ಒಬ್ಬರಿಗೆ ಮಾತ್ರ ಅದು ದಕ್ಕಿತು.

1967ರಲ್ಲಿ ಸೈನ್ಯ ಸೇರಲು ಒಲ್ಲೆ ಎಂದರು. ವಿಯೆಟ್ನಾಂ ಯುದ್ಧದ ಕಾಲ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು. 25ರಿಂದ 28ನೇ ವಯಸ್ಸಿನವರೆಗೆ, ಸುಮಾರು ಮೂರೂವರೆ ವರ್ಷ, ರಿಂಗಿಗೆ ಇಳಿಯುವ ಹಾಗಿರಲಿಲ್ಲ. ಬಾಕ್ಸರನ ಮೈಯ ವೇಗವೂ ಅನುಭವವೂ ಹದವಾಗಿ ಕೂಡುವ ವಯಸ್ಸು ಅದೇ. ಅಂದರೆ ಅಲಿಯವರ ನಿಜವಾದ ಏರುಗಾಲವನ್ನು ಜಗತ್ತಿನಲ್ಲಿ ಯಾರೂ ನೋಡಲೇ ಇಲ್ಲ.

ನಾವು ಕೊಂಡಾಡುವ ಅಲಿ ಅದರ ನಂತರದವರು. 1974ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಎದುರು ನಿಂತಾಗ ಅವರಿಗೆ 32. ಫೋರ್‌ಮನ್‌ಗೆ 25, ಒಂದೂ ಸೋಲು ಕಂಡಿರದ ಚಾಂಪಿಯನ್. ಹಳೆಯ ಕಾಲುಗಳಿದ್ದಿದ್ದರೆ ಅಲಿ ಸುತ್ತಾಡಿ ಗೆಲ್ಲುತ್ತಿದ್ದರು. ಈಗ ಹಗ್ಗಕ್ಕೆ ಒರಗಿ, ಮುಖ ಮುಚ್ಚಿಕೊಂಡು, ಹೊಡಿ ಅಂತ ಬಿಟ್ಟರು. ಹೊಡೆದು ಹೊಡೆದು ಫೋರ್‌ಮನ್ ಸುಸ್ತಾದರು, ಎಂಟನೇ ಸುತ್ತಿನಲ್ಲಿ ಬಿದ್ದರು. ಮರುವರ್ಷ ಮನಿಲಾದಲ್ಲಿ ಜೋ ಫ್ರೇಜಿಯರ್ ಜೊತೆ ಸುಡುವ ಸೆಕೆಯಲ್ಲಿ 14 ಸುತ್ತು. ಅಲ್ಲೂ ಗೆದ್ದರು. ವೇಗ ಹೋದ ಜಾಗದಲ್ಲಿ ಅಲಿಗೆ ಸಿಕ್ಕಿದ್ದು ಏಟು ತಿಂದು ನಿಲ್ಲುವ ಶಕ್ತಿ. ಜನ ಅದನ್ನು ಗುಂಡಿಗೆ ಎಂದು ಹೊಗಳಿದರು. ಮೆದುಳು ಆ ಏಟುಗಳ ಲೆಕ್ಕ ಇಟ್ಟುಕೊಳ್ಳುತ್ತಿತ್ತು ಎಂದು ನನಗನ್ನಿಸುತ್ತದೆ.

1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯ ಮುಗಿದ ಮೇಲೆ ಅಲಿಯವರ ವೈದ್ಯ ಫರ್ಡಿ ಪ್ಯಾಚೆಕೊ ಇನ್ನು ಸಾಕು ಎಂದರು. ಮಾತು ನಡೆಯದಿದ್ದಾಗ ತಂಡ ಬಿಟ್ಟು ಹೊರಟರು. ಅಲಿ ನಿಲ್ಲಿಸಲಿಲ್ಲ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತಾಗ ವಯಸ್ಸು 38. ಹೋಮ್ಸ್ ಒಂದು ಕಾಲಕ್ಕೆ ಅವರ ಅಭ್ಯಾಸದ ಜೊತೆಗಾರ. ಹತ್ತು ಸುತ್ತು ಏಕಪಕ್ಷೀಯವಾಗಿ ಏಟು ಬಿದ್ದ ಮೇಲೆ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಗೆದ್ದ ಹೋಮ್ಸ್ ಅತ್ತರು. 1951ರಲ್ಲಿ 37ರ ಜೋ ಲೂಯಿಯವರನ್ನು ಕೆಡವಿದ ರಾಕಿ ಮಾರ್ಸಿಯಾನೊ ಕೂಡ ಹಾಗೇ ಅತ್ತಿದ್ದರು. ಇದಾದ ಮೇಲೂ ಅಲಿ ಇನ್ನೊಂದು ಪಂದ್ಯ ಆಡಿ ಸೋತರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ವೈದ್ಯರು ಹೇಳಿದರು.

ವಯಸ್ಸು ಎಲ್ಲವನ್ನೂ ಒಂದೇ ಸಲ ಕಸಿದುಕೊಳ್ಳುವುದಿಲ್ಲ. ಮೊದಲು ಕಾಲು ಹೋಗುತ್ತದೆ, ಆಮೇಲೆ ಕಣ್ಣಿನ ಚುರುಕು. ಕಟ್ಟಕಡೆಗೆ ಹೋಗುವುದು ಹೊಡೆತದ ಬಲ. ಫೋರ್‌ಮನ್ ಅದಕ್ಕೇ ಉಳಿದರು. ಹತ್ತು ವರ್ಷ ರಿಂಗ್ ಬಿಟ್ಟು ಚರ್ಚಿನಲ್ಲಿ ಬೋಧನೆ ಮಾಡಿಕೊಂಡಿದ್ದು, ಮತ್ತೆ ಬಂದು, 1994ರಲ್ಲಿ ತಮ್ಮ 45ನೇ ವಯಸ್ಸಿನಲ್ಲಿ ಮೈಕಲ್ ಮೂರರ್ ಅವರನ್ನು ನಾಕೌಟ್ ಮಾಡಿ ಚಾಂಪಿಯನ್ ಆದರು. ಒಂಬತ್ತು ಸುತ್ತು ಅಂಕದಲ್ಲಿ ಹಿಂದೆ ಇದ್ದರು, ಹತ್ತನೆಯದರಲ್ಲಿ ಬಲಗೈ ಬಿತ್ತು. ಅಲಿಯ ಬಂಡವಾಳ ಕಾಲು, ಫೋರ್‌ಮನ್ ಬಂಡವಾಳ ಮುಷ್ಟಿ. ನಮ್ಮ ಮೇರಿ ಕೋಮ್ 35 ದಾಟಿದ ಮೇಲೂ ದೆಹಲಿಯಲ್ಲಿ ಆರನೇ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 38ಕ್ಕೆ ಕೂದಲೆಳೆ ಅಂತರದಲ್ಲಿ ಸೋತರು. ಒಬ್ಬೊಬ್ಬರ ಇಳಿಗಾಲ ಒಂದೊಂದು ಕಡೆಯಿಂದ ಬರುತ್ತದೆ.

ಗೆಲುವು ಸೋಲಿನ ಪಟ್ಟಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಅಲಿಯನ್ನು 38ರಲ್ಲಿ ಹೊಡೆದ ಹೋಮ್ಸ್, ತಾವೂ 38ರಲ್ಲೇ, 1988ರಲ್ಲಿ, 21ರ ಟೈಸನ್ ಕೈಲಿ ನಾಲ್ಕನೇ ಸುತ್ತಿಗೆ ನೆಲ ಕಚ್ಚಿದರು. ಆ ಟೈಸನ್ 2024ರಲ್ಲಿ, 58ರಲ್ಲಿ, 27ರ ಜೇಕ್ ಪಾಲ್ ಎದುರು ಸೋತರು. ಪಟ್ಟಿಯಲ್ಲಿ ಸೋಲು ಸೋಲೇ. ಅಲಿಯವರ ಅತ್ಯುತ್ತಮ ಪಂದ್ಯ ಎಂದು ಬಹಳ ಜನ ಹೇಳುವುದು 1966ರಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನು ಮೂರು ಸುತ್ತಿನಲ್ಲಿ ಮುಗಿಸಿದ್ದನ್ನು. ವಿಲಿಯಮ್ಸ್‌ಗೆ ಎರಡು ವರ್ಷದ ಹಿಂದೆ ಪೊಲೀಸರ ಗುಂಡು ತಗುಲಿ ಒಂದು ಮೂತ್ರಪಿಂಡ ಹೋಗಿತ್ತು ಎಂಬುದನ್ನು ಯಾರೂ ಜೊತೆಗೆ ಹೇಳುವುದಿಲ್ಲ.

ಆದ್ದರಿಂದ ತೂಗಲೇಬೇಕು ಅಂತಿದ್ದರೆ ಲೂಯಿಯವರನ್ನು 1938ರಲ್ಲಿ ಹಿಡಿಯಿರಿ, ಟೈಸನ್‌ರನ್ನು 1988ರಲ್ಲಿ, ಅಲಿಯವರನ್ನು 1967ರಲ್ಲಿ. ಹಾಗೆ ತೂಗಿದರೆ, ವಿಲಿಯಮ್ಸ್ ಪಂದ್ಯವನ್ನು ಬಿಟ್ಟು ನೋಡಿದರೂ, ನನ್ನ ಮತ ಅಲಿಗೇ. ಲಾಸ್ ವೇಗಸ್‌ನ ಆ ರಾತ್ರಿಯನ್ನು ಮಾತ್ರ ಅಲಿಯ ಲೆಕ್ಕಕ್ಕೂ ಹೋಮ್ಸ್ ಲೆಕ್ಕಕ್ಕೂ ಸೇರಿಸಬೇಡಿ.